ಮುಖ ಹಾಕುವ ಕೆಲಸ

"ಏನ್ರೇ ಮುಂಡೇರಾ ಇದು? ಬೊಂಬೆನೋ ನಿಮ್ಮತ್ತೇನೋ?"

ನಾವು ಇಸ್ತ್ರಿ ಎಂದು ಕರೆಯುವವನು ಚೀಲದೊಳಗೆ ಕೈ ಹಾಕಿ, ಒಂದು ಬೊಂಬೆಯ ಕಾಲು ಹಿಡಿದು ಹೊರಗೆಳೆದು, ನಮ್ಮ ನಾಲ್ವರ ಮೂತಿಯ ಮುಂದೆ ತಲೆಕೆಳಗಾಗಿ ಆಡಿಸಿದ. ಹಾಗೆ ಹಿಡಿದಾಗ ಬೊಂಬೆ ಚೆನ್ನಾಗಿಯೇ ನಗುತ್ತಿತ್ತು. ನೆಟ್ಟಗೆ ಹಿಡಿದಾಗಲೇ ತೊಂದರೆ. ನಮ್ಮಲ್ಲಿ ಗಡಿಬಿಡಿ ಎಂದು ಹೆಸರಾದವಳಿಗೆ ಬಾಯಿ ಸುಮ್ಮನಿರುವುದಿಲ್ಲ.

"ಹಂಗೇ ಹಿಡ್ಕೊಳಿ ಸಾರ್, ನಗ್ತಾ ಇದೆ" ಎಂದಳು.

"ನಿನ್ನೂ ಹಿಂಗೇ ನೇತಾಕ್ತೀನಿ ತಾಳು. ಆಗ ನೀನೂ ನಗ್ತಾ ಇರ್ತೀಯ."

ಅವನ ನಿಜವಾದ ಹೆಸರನ್ನು ನಮಗೆ ಯಾರೂ ಹೇಳಿಲ್ಲ, ನಾವೂ ಕೇಳಿಲ್ಲ. ಅವನ ಅಂಗಿಯ ತೋಳಿನ ಗೆರೆಯಲ್ಲಿ ಈರುಳ್ಳಿ ಹೆಚ್ಚಬಹುದು, ಅದಕ್ಕೇ ಇಸ್ತ್ರಿ. ಬೊಂಬೆ ಕಂಪನಿಯ ಮಾಲನ್ನು ನಮ್ಮ ಗಲ್ಲಿಗೆ ತಂದು ಹಾಕುವವನು ಅವನು, ಹೊತ್ತುಕೊಂಡು ಹೋಗುವವನು ಅವನು, ಕೂಲಿ ಕೊಡುವವನೂ ಅವನೇ. ಬೊಂಬೆಗಳು ಕಂಪನಿಯಲ್ಲೇ ಮೈ ಹೊಲಿಸಿಕೊಂಡು, ಹತ್ತಿ ತುಂಬಿಸಿಕೊಂಡು ಬರುತ್ತವೆ. ಮುಖ ಮಾತ್ರ ಬೋಳು. ಕಣ್ಣು, ಹುಬ್ಬು, ಮೂಗು, ಬಾಯಿ ದಾರದಲ್ಲಿ ಹೊಲಿಯುವುದು ನಮ್ಮ ಪಾಲಿನದು. ಅದಕ್ಕೆ ಮುಖ ಹಾಕೋದು ಅನ್ನುತ್ತಾರೆ.

"ನಗೋ ಮುಖ ಅಂತ ಬಾಯಿ ಬಡ್ಕೊಂಡು ಹೇಳಿದ್ದೆ. ನೀವೇನು ಕನ್ನಡಿ ನೋಡ್ಕೊಂಡು ಹೊಲಿದ್ರಾ? ಇದನ್ನ ನೋಡಿದ್ರೆ ಮಗು ಚಡ್ಡೀಲೇ ಉಚ್ಚೆ ಹುಯ್ಕೊಳತ್ತೆ. ಇಡೀ ಲಾಟು ಡ್ಯಾಮೇಜು. ಬಿಡಿಗಾಸು ಕೊಡಲ್ಲ."

"ನನ್ನವು ನಗ್ತಾವೆ ಸಾರ್" ಎಂದು ಟ್ರಂಕಕ್ಕ ಮುಂದೆ ಬಂದಳು. "ಮೇಲಿನ ಚೀಲ ಬಿಚ್ಚಿ ನೋಡಿ, ದಮ್ಮಯ್ಯ."

"ನಾಲ್ಕು ಕೊಳೆತ್ರೆ ಬುಟ್ಟೀನೇ ಎಸಿಯೋದು. ಆರಿಸ್ಕೊಂಡು ಕೂರೋಕೆ ನಾನೇನು ನಿಮ್ಮನೆ ಆಳಾ?"

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಅವನು ಹೋಗಿ ಹೋಗಿ ಕನ್ನಡಕದಜ್ಜಿಯ ಮುಂದೆ ನಿಂತ. ಅವಳ ಮೂಗಿನಿಂದ ಕನ್ನಡಕ ಕಿತ್ತು ಬೊಂಬೆಯ ಮೂಗಿಗೆ ಏರಿಸಿದ. "ನೋಡ್ರೇ, ಥೇಟ್ ಮುದುಕೀನೇ!" ಎಂದು ತಾನೇ ನಕ್ಕು, ಬೊಂಬೆಯನ್ನೂ ಕನ್ನಡಕವನ್ನೂ ಚೀಲದೊಳಕ್ಕೆ ಎಸೆದ. ಅಜ್ಜಿಗೆ ಕನ್ನಡಕವಿಲ್ಲದಿದ್ದರೆ ತನ್ನ ಕೈ ತನಗೆ ಕಾಣುವುದಿಲ್ಲ. ಅವಳು ಮಂಡಿಯೂರಿ ಚೀಲಕ್ಕೆ ತಲೆ ತೂರಿಸಿ ತಡಕಾಡಿದಳು. ಅವನು ಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದ. ಗಡಿಬಿಡಿ ಕೂಡ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ಹೇಳಿದೆನಲ್ಲ, ಕೂಲಿ ಕೊಡುವವನೂ ಅವನೇ.

ಕೂಲಿ ಇಲ್ಲವೆಂದ ಮೇಲೆ ಬೊಂಬೆಯನ್ನಾದರೂ ಬಿಟ್ಟು ಹೋದನೇ? ಅದೂ ಇಲ್ಲ. "ಕಂಪನಿ ಮಾಲು ಕಂಪನೀಗೆ. ಗುಡ್ಡೆ ಹಾಕಿ ಸುಡ್ತೀವಿ" ಎಂದು ಎಲ್ಲವನ್ನೂ ವ್ಯಾನಿಗೆ ತುಂಬಿಸಿಕೊಂಡು ಹೋದ. ತುಂಬಿದವರು ನಾವೇ.

ಇಷ್ಟಕ್ಕೆಲ್ಲ ಮೂಲ ನನ್ನ ಗಂಡನ ನಿದ್ದೆ.

ಅವನು ಸಿಮೆಂಟ್ ಗೋದಾಮಿನಲ್ಲಿ ರಾತ್ರಿ ಪಾಳಿಯ ವಾಚ್‌ಮನ್. ಊರೆಲ್ಲ ಏಳುವ ಹೊತ್ತಿಗೆ ಮನೆಗೆ ಬಂದು ಚಾಪೆ ಬಿಡಿಸುತ್ತಾನೆ. ಅದೇ ಹೊತ್ತಿಗೆ ನಮ್ಮ ಗೋಡೆಯ ಆಚೆ ಬದಿಯ ತಗಡಿನ ಅಂಗಡಿಯವರು ಬಾಗಿಲು ತೆಗೆಯುತ್ತಾರೆ. ಅವರು ಡ್ರಮ್ಮು, ಬಕೆಟ್ಟು, ಟ್ರಂಕು ಮಾಡುವವರು. ಅವರಿಗೆ ವಾರದ ರಜೆಯೂ ಇಲ್ಲ, ಸುಸ್ತೂ ಇಲ್ಲ. ಮೊದಮೊದಲು ಅವನು ತಲೆಗೆ ಟವೆಲ್ ಸುತ್ತಿಕೊಂಡು ಮಲಗಿದ. ಆಮೇಲೆ ಮಂಚದ ಕೆಳಗೆ ತೂರಿ ಮಲಗಿದ. ಬೊಂಬೆ ಕೆಲಸ ಬಂದ ಮೇಲೆ ಹೊಲಿಗೆ ಬಿಟ್ಟ ಬೊಂಬೆಯೊಂದರ ಹೊಟ್ಟೆಯಿಂದ ಹತ್ತಿ ಕಿತ್ತು ಕಿವಿಗೆ ತುರುಕಿಕೊಂಡ. ಏನು ಮಾಡಿದರೂ ಡಣ್ ಡಣ್ ನಿಲ್ಲಲಿಲ್ಲ.

"ಅವ್ರು ಬಡಿಯೋದು ತಗಡನ್ನೋ ನನ್ನ ತಲೇನೋ ಗೊತ್ತಾಗ್ತಾ ಇಲ್ಲ ಕಣೇ" ಎನ್ನುತ್ತಿದ್ದ.

ಹಗಲು ನಿದ್ದೆಯಿಲ್ಲದವನು ಏನು ಮಾಡುತ್ತಾನೆ, ಡ್ಯೂಟಿಯಲ್ಲಿ ತೂಕಡಿಸುತ್ತಾನೆ. ಸೂಪರ್‌ವೈಸರ್ ಬಂದು, ಎಬ್ಬಿಸದೆ, ಅವನು ಬಾಯಿ ಬಿಟ್ಟು ಮಲಗಿದ್ದ ಫೋಟೋ ತೆಗೆದುಕೊಂಡು ಹೋಗಿದ್ದ. ಇನ್ನೊಂದು ಸಲ ಸಿಕ್ಕಿಬಿದ್ದರೆ ಸಮವಸ್ತ್ರ ಬಿಚ್ಚಿಟ್ಟು ಮನೆಗೆ ನಡೆ ಎಂದು ಎಲ್ಲರ ಮುಂದೆ ಹೇಳಿದ್ದ. ಒಳಚಡ್ಡಿಯಲ್ಲಿ ಮನೆಗೆ ನಡೆದು ಬರಬೇಕೇನೋ ಎಂದು ಇವನು ನನ್ನ ಹತ್ತಿರ ಜೋಕು ಮಾಡಿದ. ಅವನ ಸಂಬಳ ನಿಂತರೆ ನಾವು ತಿನ್ನುವುದು ಗಾಳಿಯನ್ನೇ.

ಹಿಂದಿನ ಬೀದಿಯ ಕೊನೆಯಲ್ಲಿ ಒಂದು ಕೋಣೆ ಖಾಲಿ ಇತ್ತು. ನಾನು ಹೋಗಿ ನಡುವೆ ನಿಂತು ಕಿವಿಗೊಟ್ಟೆ. ನಲ್ಲಿಯಿಂದ ನೀರು ತೊಟ್ಟಿಕ್ಕುವುದು ಬಿಟ್ಟರೆ ಏನೂ ಕೇಳಲಿಲ್ಲ. ನನಗೆ ಅಲ್ಲೇ ಅಳು ಬಂತು. ಮನೆಯೊಡತಿ ಒಬ್ಬ ನಿವೃತ್ತ ನರ್ಸು. "ಗಲಾಟೆ ಮಾಡೋರಿಗೆ ನಾನು ಕೊಡೋದಿಲ್ಲ" ಎಂದಳು. "ಗಲಾಟೆ ತಪ್ಪಿಸ್ಕೊಂಡು ಓಡಿ ಬರ್ತಾ ಇರೋರು ಕಣಮ್ಮ ನಾವು" ಎಂದೆ. ಮುಂದಿನ ತಿಂಗಳ ಮೊದಲ ಸೋಮವಾರದವರೆಗೆ ಕಾಯುತ್ತೇನೆ, ಅಷ್ಟರಲ್ಲಿ ಅಡ್ವಾನ್ಸ್ ತನ್ನಿ ಎಂದಳು.

ನಾನು ಹಲ್ಲಿನ ಆಸ್ಪತ್ರೆಯಲ್ಲಿ ನೆಲ ಒರೆಸುವವಳು. ನನ್ನ ಸಂಬಳ ಹೊಟ್ಟೆಗೆ ಆದರೆ ಬಟ್ಟೆಗೆ ಇಲ್ಲ. ಆಸ್ಪತ್ರೆಯ ಎದುರಿಗೇ ಬೊಂಬೆ ಕಂಪನಿಯ ಗೇಟು. ಗೇಟಿನ ಮೇಲೆ ಒಂದು ಬೋರ್ಡು: ಮನೆಯಲ್ಲೇ ಕೂತು ಬಿಡುವಿನ ವೇಳೆಯಲ್ಲಿ ಸಂಪಾದಿಸಿ. ಬಿಡುವಿನ ವೇಳೆ ನನ್ನ ಹತ್ತಿರ ಇರಲಿಲ್ಲ. ಆದರೆ ಆ ಕೂತು ಎಂಬ ಮಾತು ಬಹಳ ಹಿಡಿಸಿತು. ಬೆಳಗಿನಿಂದ ಬಗ್ಗಿ ಒರೆಸುವವಳಿಗೆ ಕೂತು ಮಾಡುವ ಕೆಲಸವೆಂದರೆ ರಾಜಯೋಗ. ಮೇಲಾಗಿ ಸೂಜಿಗೆ ಸದ್ದಿಲ್ಲ, ಗಂಡನ ಇದ್ದಷ್ಟು ನಿದ್ದೆಯೂ ಕೆಡುವುದಿಲ್ಲ. ನಾನು ಸೇರಿದೆ, ನನ್ನ ಹಿಂದೆ ಗಲ್ಲಿಯ ಇನ್ನೂ ಮೂವರು ಸೇರಿದರು.

ಇನ್ನು ಆ ಸಿಡುಕು ಮುಖದ ಕತೆ.

ಇಸ್ತ್ರಿ ನಮಗೆ ಕೊಟ್ಟಿದ್ದು ಒಂದೇ ಒಂದು ಮಾದರಿ ಬೊಂಬೆ. "ಇದರ ಮೇಲೆ ಒಂದು ಕಲೆ ಬಿದ್ರೂ ನಿಮ್ಮ ಚರ್ಮ ಸುಲೀತೀನಿ" ಎಂದು ಹೇಳಿ ಟ್ರಂಕಕ್ಕನ ಕೈಗೆ ಕೊಟ್ಟಿದ್ದ. ಟ್ರಂಕಕ್ಕ ಒಗೆಯುವ ಸೋಪನ್ನೂ ಟ್ರಂಕಿನಲ್ಲಿಟ್ಟು ಬೀಗ ಹಾಕುವ ಹೆಂಗಸು. ಮಾದರಿಯನ್ನು ನೋಡಿ ಒಂದು ಮುಖ ಹಾಕಿದಳು, ಮಾದರಿಯನ್ನು ಒಳಗಿಟ್ಟು ಬೀಗ ಜಡಿದಳು, ತಾನು ಮಾಡಿದ್ದನ್ನು ಪಕ್ಕದ ಮನೆಯ ಗಡಿಬಿಡಿಗೆ ಕೊಟ್ಟಳು. ಗಡಿಬಿಡಿ ಅದನ್ನು ನೋಡಿ ಹೊಲಿದಳು. ಅವಳ ಕೈ ಓಡುವ ಓಟಕ್ಕೆ ನಗುವಿನ ಎರಡು ತುದಿ ಒಂದಿಷ್ಟು ಇಳಿಯಿತು. ಅವಳದನ್ನು ನೋಡಿ ಅಜ್ಜಿ ಹೊಲಿದಳು. ಅಜ್ಜಿಯ ಬೊಂಬೆಗಳ ಬಾಯಿ ಗೆರೆ ಎಳೆದಂತೆ ನೇರ, ನಗುವೂ ಇಲ್ಲ ಅಳುವೂ ಇಲ್ಲ. ಕೊನೆಯ ಮನೆ ನನ್ನದು. ಆ ಗೆರೆಯನ್ನು ನೋಡಿ ನಾನು ಹೊಲಿದೆ, ನನ್ನ ಕೈಯಲ್ಲಿ ಬಾಯಿ ಕೆಳಕ್ಕೆ ಬಾಗಿತು. ಹುಬ್ಬು ತಾನಾಗಿಯೇ ಗಂಟಿಕ್ಕಿತು. ಯಾಕೆ ಎಂದರೆ ಏನು ಹೇಳಲಿ? ಗೋಡೆಯಾಚೆ ಡಣ್ ಡಣ್ ಎನ್ನುವಾಗ ನಗುವುದು ಹೇಗಿರುತ್ತದೆಂದು ನನ್ನ ಬೆರಳಿಗೆ ಮರೆತಿತ್ತೋ ಏನೋ. ಕಂಪನಿಯ ಮಾದರಿ ಇದೇ ಎಂದು ನಾನು ನಂಬಿದ್ದೆ. ಎಂಥ ಮೂದೇವಿ ಬೊಂಬೆ, ಯಾರು ಕೊಳ್ಳುತ್ತಾರೋ ಎಂದು ಬೈದುಕೊಳ್ಳುತ್ತಲೇ ಶ್ರದ್ಧೆಯಿಂದ ಹೊಲಿದು ರಾಶಿ ಹಾಕಿದ್ದೆ.

ನನ್ನಿಂದ ಎಲ್ಲರ ಕೂಲಿ ಹೋಯಿತೆಂದು ಮೂವರ ಮುಖ ನೋಡಲಾರದೆ ತಿರುಗಿದೆ. ಗಂಡ ಮಾತ್ರ, "ಹೋಗ್ಲಿ ಬಿಡೇ, ನಾನು ನಿಂತ್ಕೊಂಡು ಮಲಗೋದು ಕಲೀತೀನಿ. ಕುದುರೆ ಮಲಗಲ್ವಾ?" ಎಂದ. ಅವನ ಕಣ್ಣು ಕೆಂಡವಾಗಿತ್ತು.

ಹಾಗಿರುವಾಗ ಒಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಒರೆಸುತ್ತಿದ್ದೆ. ಕೆನ್ನೆ ಊದಿಸಿಕೊಂಡ ಒಂದು ಹುಡುಗಿ ಅಮ್ಮನ ಪಕ್ಕ ಬೆಂಚಿನ ಮೇಲೆ ಕೂತಿತ್ತು. ಅದರ ಮಡಿಲಲ್ಲಿ ಒಂದು ಬೊಂಬೆ, ಎರಡೂ ಒಂದೇ ಥರ ಮುಖ ಗಂಟಿಕ್ಕಿಕೊಂಡು ನನ್ನನ್ನೇ ನೋಡುತ್ತಿದ್ದವು. ಬೊಂಬೆಯ ಎಡಗಡೆಯ ಹುಬ್ಬು ಕಂದು ಬಣ್ಣದ್ದು. ಕಪ್ಪು ದಾರ ಮುಗಿದಾಗ ನಾನೇ ಕಂದು ದಾರ ಹಾಕಿ ಸುಮ್ಮನಾಗಿದ್ದೆ.

"ಪುಟ್ಟಿ, ಯಾಕೆ ಇದು ಹಿಂಗ್ ನೋಡತ್ತೆ?" ಎಂದು ಕೇಳಿದೆ.

"ಇವಳಿಗೂ ಹಲ್ಲು ನೋವು" ಎಂದಿತು ಹುಡುಗಿ.

ಅಮ್ಮ ನಕ್ಕಳು. "ಅಯ್ಯೋ, ಇದು ಸಿಡುಕಿ ಬೊಂಬೆ. ಈಗ ಎಲ್ಲಾ ಮಕ್ಕಳಿಗೂ ಇದೇ ಬೇಕು. ನಗೋ ಬೊಂಬೆಗಳು ಮನೆ ತುಂಬ ಬಿದ್ದಿವೆ, ಮುಟ್ಟೋರಿಲ್ಲ. ಅಂಗಡೀಲಿ ಕ್ಯೂ ನಿಂತು ತಂದೆ ನೋಡಿ."

ಎಷ್ಟಾಯಿತು ಎಂದು ಕೇಳಬಾರದಿತ್ತು, ಕೇಳಿದೆ. ಒಂದು ಚೀಲದ ಬೊಂಬೆಗಳಿಗೆಲ್ಲ ಮುಖ ಹಾಕಿದರೂ ನನಗೆ ಅಷ್ಟು ಸಿಗುತ್ತಿರಲಿಲ್ಲ. ಕೈಯಲ್ಲಿದ್ದ ಒರೆಸುವ ಕೋಲು ಬಕೆಟ್ಟಿನ ಮೇಲೆ ಬಿದ್ದು ನೀರು ಹರಿಯಿತು. "ಏನದು ಸದ್ದು?" ಎಂದು ಡಾಕ್ಟರಮ್ಮ ಒಳಗಿನಿಂದ ಗದರಿದಳು. ನನ್ನ ಕಿವಿಯಲ್ಲಿ ಅದಕ್ಕಿಂತ ದೊಡ್ಡ ಸದ್ದು ಆಗುತ್ತಿತ್ತು.

ಅವತ್ತು ಸಂಜೆ ಮೂವರನ್ನೂ ಕೂರಿಸಿ ಹೇಳಿದೆ. ಟ್ರಂಕಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಗಡಿಬಿಡಿ ಇಸ್ತ್ರಿಯ ಅಪ್ಪ, ಅಜ್ಜ, ಅವರ ಅಪ್ಪ ಎಲ್ಲರನ್ನೂ ಹೆಸರಿಲ್ಲದೆ ನೆನೆದಳು. ಕನ್ನಡಕದಜ್ಜಿ ಮಾತ್ರ ಕನ್ನಡಕ ಒರೆಸಿಕೊಳ್ಳುತ್ತ, "ಸುಡ್ತೀನಿ ಅಂದಿದ್ನಲ್ಲೇ ಸೂಳೆಮಗ" ಎಂದು ಸಣ್ಣಗೆ ಹೇಳಿದಳು. ಅಜ್ಜಿಯ ಬಾಯಲ್ಲಿ ಅಂಥ ಮಾತನ್ನು ನಾವು ಕೇಳಿಯೇ ಇರಲಿಲ್ಲ.

ಎರಡು ದಿನ ಬಿಟ್ಟು ಇಸ್ತ್ರಿ ತಾನಾಗಿಯೇ ಬಂದ. ಮಾತು ಸಕ್ಕರೆ. ವ್ಯಾನಿನ ತುಂಬ ಬೋಳು ಮುಖದ ಬೊಂಬೆ.

"ಹೋದ್ಸಲ ಹಾಕಿದ್ರಲ್ಲಾ, ಆ ಸಿಡುಕು ಮುಖ, ಅದನ್ನೇ ಹಾಕಿ. ಎಲ್ಲಾದಕ್ಕೂ. ಪಾಪ, ಕಲಿಯೋ ಕೈಗಳು, ನಷ್ಟ ಆದ್ರೆ ನನಗೇ ಆಗ್ಲಿ ಅಂತ ತಂದಿದೀನಿ."

"ಕೂಲಿ ಸಾರ್?" ಎಂದಳು ಟ್ರಂಕಕ್ಕ.

"ಡ್ಯಾಮೇಜು ಮಾಲಿಗೆ ಅರ್ಧ ಕೂಲಿ ತಾನೇ?"

"ಹಳೇ ಲಾಟಿಂದು?"

"ಅದು ಸುಟ್ಟು ಬೂದಿ ಆಯ್ತಲ್ಲಮ್ಮ."

ನನಗೆ ತಡೆಯಲಾಗಲಿಲ್ಲ. "ಆ ಬೂದಿ ನಿನ್ನೆ ಮೊನ್ನೆ ಹಲ್ಲಿನ ಆಸ್ಪತ್ರೆ ಬೆಂಚ್ ಮೇಲೆ ಕೂತಿತ್ತು ಸಾರ್. ಕೂದ್ಲು ಬೇರೆ ಬಾಚಿದ್ರು."

ಇಸ್ತ್ರಿಯ ಮುಖದಿಂದ ಸಕ್ಕರೆ ಇಳಿಯಿತು. ಹತ್ತಿರ ಬಂದು, ನನ್ನ ಕೈಯಲ್ಲಿದ್ದ ಸೂಜಿಯನ್ನು ಕಿತ್ತುಕೊಂಡು ನನ್ನ ತುಟಿಯ ಮುಂದೆ ಹಿಡಿದ.

"ಈ ಬಾಯಿಗೆ ಎರಡು ಹೊಲಿಗೆ ಹಾಕ್ಲಾ? ನೀನಲ್ದಿದ್ರೆ ಇನ್ನೊಬ್ಬಳು. ಸೂಜಿ ಹಿಡಿಯೋ ಕೈ ಈ ಊರಲ್ಲಿ ಕಸದ ಥರ ಬಿದ್ದಿವೆ ಕಣೇ. ಸೋಮವಾರ ಬೆಳಿಗ್ಗೆ ಹೊರಗಿನ ಪಾರ್ಟಿ ಬರ್ತಾ ಇದೆ, ಕಣ್ಣಾರೆ ಮಾಲು ನೋಡಿ ದೊಡ್ಡ ಆರ್ಡರ್ ಕೊಡೋಕೆ. ಅಷ್ಟರಲ್ಲಿ ಎಲ್ಲಾ ಮುಗಿಸಿ ಗೇಟಿಗೆ ತಂದು ಹಾಕ್ಬೇಕು. ಕೂಲಿ ಆಮೇಲೆ ನೋಡೋಣ."

ಸೂಜಿಯನ್ನು ಮೋರಿಗೆ ಎಸೆದು ಹೋದ. ಸೋಮವಾರವೇ ನರ್ಸಮ್ಮನ ಗಡುವು.

ಮುಖ ಹಾಕಿದೆವು. ಈ ಸಲ ನನ್ನ ಮನೆಯಿಂದಲೇ ಮಾದರಿ ಹೋಯಿತು. ಹುಬ್ಬು ಎಷ್ಟು ಗಂಟಿಕ್ಕಬೇಕೆಂದು ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಭಾನುವಾರ ಮಧ್ಯಾಹ್ನ ನನ್ನ ಮನೆಯ ಮುಂದೆ ಚೀಲಗಳ ನಡುವೆ ಕೂತು, ತಗಡಿನ ಸದ್ದಿನ ಮೇಲೆ ಗಂಟಲು ಹರಿದುಕೊಂಡು ಮಾತಾಡಿದೆವು.

"ಗೇಟಿಗೆ ಅಡ್ಡ ಧರಣಿ ಕೂತ್ಬಿಡೋಣ" ಎಂದಳು ಗಡಿಬಿಡಿ. "ಪಾರ್ಟಿ ಮುಂದೇನೇ ಮಾನ ಹರಾಜು ಹಾಕೋಣ."

"ನಿಂಗೆ ರಜೆ ಕೊಡ್ತಾರಾ?" ಎಂದೆ.

ಅವಳು ಗಾರ್ಮೆಂಟ್ಸಿನಲ್ಲಿ ದುಡಿಯುವವಳು. ಅಲ್ಲಿ ಒಂದು ಗಳಿಗೆ ತಡವಾದರೂ ಅರ್ಧ ದಿನದ ಸಂಬಳ ಕತ್ತರಿಸುತ್ತಾರೆ. ಟ್ರಂಕಕ್ಕ ಹಾಸ್ಟೆಲ್ಲಿನಲ್ಲಿ ಅಡುಗೆಯವಳು, ಅವಳು ಹೋಗದಿದ್ದರೆ ಒಲೆ ಹಚ್ಚುವವರಿಲ್ಲ. ನಾನು ಹೋಗದಿದ್ದರೆ ಡಾಕ್ಟರಮ್ಮ ಬೇರೆಯವಳನ್ನು ಹುಡುಕುತ್ತಾಳೆ. ಅಜ್ಜಿ ನೆಲದ ಮೇಲೆ ಕೂತರೆ ಏಳಿಸುವುದಕ್ಕೆ ಇಬ್ಬರು ಬೇಕು.

"ಥತ್" ಎಂದಳು ಗಡಿಬಿಡಿ, "ಬಡವರಿಗೆ ಧರಣಿ ಕೂರೋಕೂ ಪುರುಸೊತ್ತಿಲ್ಲ ನೋಡು."

ಅಜ್ಜಿ ಒಂದು ಬೊಂಬೆಯ ಹಣೆಯ ಮೇಲಿನ ದಾರದ ತುದಿ ಕಚ್ಚಿ ತುಂಡರಿಸುತ್ತಿದ್ದಳು. ಅದನ್ನು ತಿರುಗಿಸಿ ನೋಡಿದಳು.

"ಇವು ಕೂರ್ಲಿ" ಎಂದಳು. "ಇವಕ್ಕೇನು ಕೆಲಸ?"

ನಾವು ಮೂವರೂ ಬೊಂಬೆಗಳ ಮುಖ ನೋಡಿದೆವು. ಆಮೇಲೆ ನಾವು ನಕ್ಕ ನಗುವಿಗೆ ತಗಡಿನವರೇ ಬಡಿಯುವುದನ್ನು ನಿಲ್ಲಿಸಿ ಇಣುಕಿ ನೋಡಿದರು. ನಗುತ್ತಲೇ ಹೊಲಿಯತೊಡಗಿದೆವು. ಒಂದರ ಕೈಗೆ ಇನ್ನೊಂದರ ಕೈ, ಎರಡೆಳೆ ದಾರ, ಗಟ್ಟಿ ಗಂಟು. ಒಬ್ಬೊಬ್ಬರ ಸಾಲೂ ಬೆಳೆದು, ಕೊನೆಗೆ ಎಲ್ಲ ಸಾಲು ಸೇರಿ ಒಂದಾಯಿತು.

"ಎಲ್ಲಾ ಸರಿ, ನಾಯಿ ಕಚ್ಕೊಂಡು ಹೋದ್ರೆ?" ಎಂದಳು ಟ್ರಂಕಕ್ಕ. ಅವಳಿಗೆ ಬೀಗವಿಲ್ಲದ ಯಾವುದೂ ಸಮಾಧಾನವಲ್ಲ. "ಯಾರಾದ್ರೂ ಕಾಯೋರು ಬೇಕು."

"ನಮ್ಮನೇಲಿ ಒಬ್ಬ ವಾಚ್‌ಮನ್ ಇದಾನೆ" ಎಂದೆ.

ಸೋಮವಾರ ಬೆಳಗಾಗುವಾಗ ತರಕಾರಿಯವನ ತಳ್ಳುಗಾಡಿಯಲ್ಲಿ ಚೀಲಗಳನ್ನು ತಂದು, ಗೇಟಿಗೆ ಅಡ್ಡಲಾಗಿ ಬೊಂಬೆಗಳನ್ನು ಕೂರಿಸಿದೆವು. ಈ ಕಂಬದಿಂದ ಆ ಕಂಬಕ್ಕೆ, ಅಲ್ಲಿಂದ ತಿರುಗಿ ಈ ಕಂಬಕ್ಕೆ, ಸಾಲಿನ ಹಿಂದೆ ಸಾಲು. ಎಲ್ಲ ಮುಖ ರಸ್ತೆಯ ಕಡೆಗೆ. ಕಂಪನಿಯ ಗೇಟಿನವನು ಬಂದು ನೋಡಿದ. ಅವನದೂ ಬಾಕಿ ಸಂಬಳದ ಗೋಳು. ಏನೂ ಕಾಣದವನಂತೆ ಒಳಗೆ ಹೋಗಿ ರೇಡಿಯೋ ಹಚ್ಚಿಕೊಂಡ. ಪಾಳಿ ಮುಗಿಸಿದ ನನ್ನ ಗಂಡ ಸಮವಸ್ತ್ರದಲ್ಲೇ ನೆಟ್ಟಗೆ ಅಲ್ಲಿಗೆ ಬಂದ. ಅವನನ್ನು ಸಾಲಿನ ಕೊನೆಯಲ್ಲಿ ಕಂಬಕ್ಕೆ ಒರಗಿಸಿ ಕೂರಿಸಿ, ಕೊನೆಯ ಬೊಂಬೆಯ ಕೈಯನ್ನು ಅವನ ತೋಳಿನ ಬಟ್ಟೆಗೆ ಹೊಲಿದೆ.

"ಮಲಗ್ಬಿಟ್ಟೀಯ ಮತ್ತೆ."

"ಇಷ್ಟು ಜನ ಹಿಂಗ್ ಗುರಾಯಿಸ್ತಾ ಇರುವಾಗ ಯಾರಪ್ಪನಿಗೆ ನಿದ್ದೆ ಬರತ್ತೆ?" ಎಂದ.

ಮೂವರೂ ಕೆಲಸಕ್ಕೆ ಓಡಿದರು. ನಾನು ರಸ್ತೆ ದಾಟಿ ಆಸ್ಪತ್ರೆಯ ಮೆಟ್ಟಿಲು ಒರೆಸತೊಡಗಿದೆ. ಒರೆಸಿದ ಮೆಟ್ಟಿಲನ್ನೇ ಮತ್ತೆ ಮತ್ತೆ ಒರೆಸಿದೆ.

ಶಾಲೆಗೆ ಹೋಗುವ ಮಕ್ಕಳು ನಿಂತವು. ಮಕ್ಕಳನ್ನು ಎಳೆದೊಯ್ಯಲು ಬಂದ ಅಮ್ಮಂದಿರು ನಿಂತರು. ಸೈಕಲ್ಲು, ಬಸ್ಸು ನಿಂತವು. ಬಸ್ಸಿನೊಳಗಿನವರು ಕಿಟಕಿಯಿಂದ ಫೋನು ಚಾಚಿ ಫೋಟೋ ತೆಗೆದರು. ಹಿಂದಿನಿಂದ ಹಾರನ್ನಿನ ಮೇಲೆ ಹಾರನ್ನು. ಅದರ ನಡುವೆ ಇಸ್ತ್ರಿಯ ವ್ಯಾನು ಬಂತು, ಅದರ ಬೆನ್ನಿಗೇ ಪಾರ್ಟಿಯ ಉದ್ದನೆಯ ಕಾರು.

ಇಸ್ತ್ರಿ ಹಾರಿ ಇಳಿದ. ಕಾರಿನ ಕಡೆ ನೋಡಿ ಹಲ್ಲು ಕಿರಿದ, ತಿರುಗಿ ಎದುರಿಗಿದ್ದ ಬೊಂಬೆಯ ಕತ್ತು ಹಿಡಿದು ಎಳೆದ. ಒಂದು ಬರಲಿಲ್ಲ, ಎಲ್ಲ ಎದ್ದವು. ಇಡೀ ಸಾಲು ನೆಲ ಬಿಟ್ಟು ಅವನ ಎದೆಯ ಮಟ್ಟಕ್ಕೆ ಎದ್ದು ನಿಂತು ತೂಗಾಡಿತು. ಮಕ್ಕಳು ಹೋ ಎಂದು ಕೂಗಿದವು. ಸಾಲಿನ ಆ ತುದಿಯಲ್ಲಿ ನನ್ನ ಗಂಡನ ತೋಳೂ ಮೇಲೆದ್ದಿತು. ಇಸ್ತ್ರಿ ಕೈಬಿಟ್ಟಾಗ ತೊಪ್ಪನೆ ಅವನ ತೊಡೆಯ ಮೇಲೆ ಬಿತ್ತು. ಅವನು ಅಲುಗಲಿಲ್ಲ. ಸತ್ತೇ ಹೋದನೇನೋ ಎಂದುಕೊಂಡೆ. ಆಮೇಲೆ ನೋಡಿದರೆ ಬಾಯಿ ತೆರೆದಿದೆ, ಎದೆ ಏರಿಳಿಯುತ್ತಿದೆ, ಟೋಪಿ ಕಣ್ಣಿನ ಮೇಲೆ ಜಾರಿದೆ. ಮಲಗಿದ್ದ. ಎಷ್ಟು ತಿಂಗಳ ನಿದ್ದೆಯೋ, ಒಟ್ಟಿಗೇ ಬಂದಿತ್ತು.

"ಏಯ್! ಯಾವನೋ ನೀನು? ಏಳೋ ಬೋಳಿಮಗನೇ!"

ಇಸ್ತ್ರಿ ಒದೆಯಲು ಕಾಲೆತ್ತಿದ. ನಾನು ಮೆಟ್ಟಿಲು ಇಳಿದದ್ದು ನನಗೆ ಗೊತ್ತಾಗಲಿಲ್ಲ. ಒರೆಸುವ ಕೋಲು ಕೈಯಲ್ಲೇ ಇತ್ತು. ರಸ್ತೆ ದಾಟಿ ಅವನಿಗೂ ನನ್ನ ಗಂಡನಿಗೂ ನಡುವೆ ನಿಂತೆ.

"ನೀನೇ ಏನೇ ಇದೆಲ್ಲಾ ಮಾಡಿದ್ದು ಮುಂಡೆ? ಬಿಚ್ಚೇ! ಈಗಿಂದೀಗ್ಲೇ ಬಿಚ್ಚು! ಪೊಲೀಸ್ನೋರನ್ನ ಕರೆಸ್ತೀನಿ, ನಿಮ್ಮೆಲ್ಲರ..."

ಕಾರಿನ ಗಾಜು ಇಳಿಯಿತು. ಒಳಗಿನವರು ನೋಡುತ್ತಿದ್ದರು. ಮಕ್ಕಳು, ಬಸ್ಸಿನವರು, ಆಸ್ಪತ್ರೆಯ ಕಿಟಕಿಯಿಂದ ಡಾಕ್ಟರಮ್ಮ, ಎಲ್ಲರೂ ನೋಡುತ್ತಿದ್ದರು. ತುಟಿಯ ಮೇಲೆ ಬೆರಳಿಟ್ಟೆ.

"ಶ್! ಮೆತ್ತಗೆ ಮಾತಾಡು" ಎಂದೆ. "ನನ್ನ ಗಂಡ ಮಲಗಿದಾನೆ."

ಇಸ್ತ್ರಿ ಕಾರಿನ ಕಡೆ ನೋಡಿದ, ಫೋನು ಚಾಚಿದವರ ಕಡೆ ನೋಡಿದ. ಮುಂದೆ ಬಾಗಿ, ಹಲ್ಲು ಕಚ್ಚಿಕೊಂಡು, ನಿಜವಾಗಿಯೂ ಪಿಸುಮಾತಿನಲ್ಲಿ ಕೇಳಿದ:

"ಏನು ಬೇಕು ನಿಂಗೆ?"

"ಮೊದ್ಲು ಆ ವ್ಯಾನಿನೋನಿಗೆ ಹಾರನ್ ನಿಲ್ಲಿಸೋಕೆ ಹೇಳು."

ಅವನು ಕೈ ಎತ್ತಿದ. ಹಾರನ್ನು ನಿಂತಿತು. ಬಸ್ಸಿನವನೂ ನಿಲ್ಲಿಸಿದ. ಅಷ್ಟು ದೊಡ್ಡ ರಸ್ತೆಯಲ್ಲಿ ಈಗ ನನ್ನ ಗಂಡನ ಗೊರಕೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಹಾಂ" ಎಂದೆ. "ಈಗ ಕೂತ್ಕೋ, ಮಾತಾಡೋಣ."